ಬುಡದಿಂದ ಎರಡು ಬೆರಳು ಮೇಲೆ

ಪುಸ್ತಕದ ಬೆನ್ನನ್ನು ಒಮ್ಮೆ ಮೂಸಿ, ಅದರ ವರ್ಗೀಕರಣ ಸಂಖ್ಯೆಯನ್ನು ದಶಮಾಂಶ ಬಿಂದುವಿನ ಸಮೇತ ಹೇಳಬಲ್ಲ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಇದ್ದಾನೆ. ಅವನು ನಾನು, ಆಂಬ್ರೋಸ್ ಕ್ರಾಸ್ತಾ. ಅಡುಗೆಯ ಪುಸ್ತಕಕ್ಕೆ ಒಗ್ಗರಣೆಯ ಘಾಟು, ಪಶುಪಾಲನೆಯ ಪುಸ್ತಕಕ್ಕೆ ಹಟ್ಟಿಯ ವಾಸನೆ ಎಂದು ಯಾರಾದರೂ ಊಹಿಸಿಯಾರು. ಆದರೆ ತರ್ಕಶಾಸ್ತ್ರಕ್ಕೆ ಹಸಿ ಶುಂಠಿಯ ವಾಸನೆ, ಕಾನೂನಿಗೆ ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಎಂಬುದು ನನ್ನ ಮೂಗಿಗೆ ಮಾತ್ರ ಗೊತ್ತು. ಒಮ್ಮೆ ಪರದೇಶದ ಮೂವರು ಪಂಡಿತರು ನಾಯ್ಮಾರ್ಮೂಲೆಗೆ ಬಂದು, ನನ್ನ ಕಣ್ಣಿಗೆ ಬೈರಾಸು ಕಟ್ಟಿ, ಸಾವಿರ ಪುಸ್ತಕಗಳನ್ನು ಒಂದರ ಹಿಂದೆ ಒಂದರಂತೆ ಮೂಗಿನ ಬುಡಕ್ಕೆ ಹಿಡಿದರು. ಒಂದೂ ತಪ್ಪಲಿಲ್ಲ. ಕೊನೆಯ ಪುಸ್ತಕದ ಹೊತ್ತಿಗೆ ನನಗೆ ಶೀತ ಶುರುವಾಗಿದ್ದರಿಂದ ಅದನ್ನು ಎರಡು ಸಲ ಮೂಸಬೇಕಾಯಿತು, ಅಷ್ಟೆ.

ಅಂಥ ನಾನು ನಡೆಸುವುದು ಕ್ರಾಸ್ತಾ ಗ್ರಂಥಾಲಯ ವಿಜ್ಞಾನ ವಿದ್ಯಾಕೇಂದ್ರ. ಕಾಸರಗೋಡಿನ ಹತ್ತಿರ ನಾಯ್ಮಾರ್ಮೂಲೆ ಪೇಟೆಯಲ್ಲಿ ಮೊಬೈಲ್ ಅಂಗಡಿಯ ಮೇಲಿನ ಮಾಳಿಗೆ. ಮೆಟ್ಟಿಲು ಕಡಿದಾಗಿದೆ, ಜ್ಞಾನಕ್ಕೆ ಹತ್ತುವ ದಾರಿ ಹಾಗೆಯೇ ಇರಬೇಕೆಂದು ನಾನೇ ಹಾಗೆ ಬಿಟ್ಟಿದ್ದೇನೆ. ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು. ನಮ್ಮ ಪ್ರಾಯೋಗಿಕ ಗ್ರಂಥಾಲಯದಲ್ಲಿ ಒಂದು ಲಕ್ಷ ಪುಸ್ತಕಗಳಿವೆ, ಜಾಗದ ಅಭಾವದಿಂದ ಎಲ್ಲವನ್ನೂ ಒಂದೇ ಕಪಾಟಿನಲ್ಲಿ ಇಟ್ಟಿದ್ದೇವೆ. ಕಂಪ್ಯೂಟರ್ ಲ್ಯಾಬ್ ಕೂಡ ಉಂಟು. ಅಲ್ಲಿಯ ಕಂಪ್ಯೂಟರ್ ಬಹಳ ಕಾಲದಿಂದ ವಿಶ್ರಾಂತಿಯಲ್ಲಿರುವುದರಿಂದ ಗ್ರಂಥಾಲಯದ ಸಾಫ್ಟ್‌ವೇರನ್ನು ಕರಿಹಲಗೆಯ ಮೇಲೆ ಚಿತ್ರ ಬಿಡಿಸಿ ಕಲಿಸುತ್ತೇನೆ. ಮಕ್ಕಳು ಎದ್ದು ಬಂದು ಸೀಮೆಸುಣ್ಣದ ಗುಂಡಿಯನ್ನು ಬೆರಳಿನಿಂದ ಒತ್ತುತ್ತಾರೆ, ಮುಂದಿನ ಪರದೆಯನ್ನು ನಾನು ಒರೆಸಿ ಬರೆಯುತ್ತೇನೆ. ಇವತ್ತಿನವರೆಗೆ ಒಮ್ಮೆಯೂ ಹ್ಯಾಂಗ್ ಆಗಿಲ್ಲ.

ಸೂಚೀಪತ್ರದ ಕಾರ್ಡು ಬರೆಯುವುದನ್ನೂ ಕಲಿಸುತ್ತೇನೆ. ಲೇಖಕನ ಹೆಸರು ಎಡಗೆರೆಯಿಂದ ಎಷ್ಟು ಅಕ್ಷರ ಬಿಟ್ಟು, ಶೀರ್ಷಿಕೆ ಅದಕ್ಕಿಂತ ಎಷ್ಟು ಒಳಗೆ, ಎಲ್ಲಿ ಚುಕ್ಕಿ, ಎಲ್ಲಿ ಅಡ್ಡಗೆರೆ ಎಂದು. ಆ ಕಾರ್ಡುಗಳನ್ನು ಜೋಡಿಸಿಡುವ ಸಣ್ಣ ಸಣ್ಣ ಖಾನೆಗಳ ಪೆಟ್ಟಿಗೆ ಈಗ ದೇಶದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಎಲ್ಲ ಗುಜರಿಗೆ ಹೋಗಿವೆ. ಪರೀಕ್ಷೆಯ ಪ್ರಶ್ನೆಯಲ್ಲಿ ಮಾತ್ರ ಇನ್ನೂ ಉಂಟು. ಪಾಠಪಟ್ಟಿ ಬರುವುದು ಮಲಯಾಳದಲ್ಲಿ, ಪುಸ್ತಕಗಳು ಇರುವುದು ಇಂಗ್ಲಿಷಿನಲ್ಲಿ, ಕಲಿಯಲು ಬರುವವರು ತುಳು, ಕೊಂಕಣಿ, ಬ್ಯಾರಿ ಮಾತಾಡುತ್ತ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳು. ಈ ಮೂರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಕನ್ನಡದಲ್ಲಿ ಬಡಿಸುವ ಅಡುಗೆಭಟ್ಟ ಗಡಿಯ ಈಚೆ ನಾನೊಬ್ಬನೇ.

ನಮ್ಮಲ್ಲಿ ಕಲಿತವರು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹರಡಿದ್ದಾರೆ. ಕೆಳಗಿನ ಮೊಬೈಲ್ ಅಂಗಡಿಯ ಜಿತೇಂದ್ರನನ್ನೇ ನೋಡಿ. ನನ್ನಲ್ಲಿ ಸರ್ಟಿಫಿಕೇಟು, ಆಮೇಲೆ ಪದವಿ, ಅದರ ಮೇಲೆ ಸ್ನಾತಕೋತ್ತರ ಪದವಿ, ಅದರ ಮೇಲೆ ಅರ್ಹತಾ ಪರೀಕ್ಷೆ. ಈಗ ಮಾಹಿತಿ ಕ್ಷೇತ್ರದಲ್ಲಿದ್ದಾನೆ. ಜನರ ಫೋನಿಗೆ ಗಾಜು ಅಂಟಿಸುತ್ತಾನೆ. ಆದರೆ ಅವನ ಗೋಡೆಯ ಮೇಲೆ ತೂಗುವ ಫೋನಿನ ಕವರುಗಳನ್ನು ಒಮ್ಮೆ ನೋಡಬೇಕು: ಕಂಪನಿ, ಅದರೊಳಗೆ ಮಾದರಿ, ಅದರೊಳಗೆ ಬಣ್ಣ. ಯಾವ ಕವರು ಕೇಳಿದರೂ ತಲೆಯೆತ್ತದೆ ಕೈಹಾಕಿ ತೆಗೆಯುತ್ತಾನೆ. ನಾನು ಹತ್ತಿ ಹೋಗುವಾಗ, “ಸರ್, ಈ ವರ್ಷ ಎಷ್ಟು ಜನರನ್ನು ಹಾಳು ಮಾಡುವುದುಂಟು?” ಎಂದು ಕೇಳುವುದು ಅವನ ದಿನದ ನಮಸ್ಕಾರ. ಈ ವರ್ಷ ಗುಣಮಟ್ಟದ ದೃಷ್ಟಿಯಿಂದ ಒಬ್ಬಳನ್ನು ಮಾತ್ರ ಉಳಿಸಿಕೊಂಡಿದ್ದೇನೆ ಎಂದಿದ್ದೆ. ಸೇರಿದ್ದ ಉಳಿದವರೆಲ್ಲ ಓಣಂ ರಜೆಗೆ ಹೋದವರು ರಜೆ ಮುಗಿದರೂ ಬರಲಿಲ್ಲ.

ಎಲ್ಲರಿಗಿಂತ ಮೇಲಿನವಳು ನನ್ನ ಮಗಳು ಎಲ್ವಿಟಾ. ಕುವೈತಿನಲ್ಲಿ ಎಂಟು ಮಹಡಿಯ ಗ್ರಂಥಾಲಯಕ್ಕೆ ಮುಖ್ಯಸ್ಥೆ. ಅವಳ ಕೈಕೆಳಗೆ ನಲವತ್ತು ಜನ, ಅವಳು ಸೀನಿದರೆ ಎಂಟನೇ ಮಹಡಿಯವರೂ ಪುಸ್ತಕ ಮುಚ್ಚಿ ಎದ್ದು ನಿಲ್ಲುತ್ತಾರೆ. ಕೇಂದ್ರದ ಮೆಟ್ಟಿಲಿನ ಗೋಡೆಗೆ ಅವಳ ಚಿತ್ರದ ಫ್ಲೆಕ್ಸ್ ಹಾಕಿಸಿದ್ದೇನೆ. ಚಿನ್ನದ ಗೆರೆಯ ಕೆಂಪು ಬೈಂಡಿನ ಪುಸ್ತಕಗಳು ಸಾಲುಸಾಲಾಗಿ ಹಿಂದೆ, ಮುಂದೆ ನಮ್ಮ ಎಲ್ವಿಟಾ. ಚಿತ್ರದ ಕೆಳಭಾಗದ ಮೇಲೆ ‘ನಮ್ಮ ಹೆಮ್ಮೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ.

ಆ ಫ್ಲೆಕ್ಸ್ ನೋಡಿಯೇ ವಿಜೇತಾ ಮೆಟ್ಟಿಲು ಹತ್ತಿದ್ದು.

ವಿಜೇತಾ ನೆಕ್ರಾಜೆಯ ಹುಡುಗಿ. ಮದುವೆ, ಭೂತದ ನೇಮ, ಸಭೆಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಭುಜಂಗಣ್ಣನ ಮಗಳು. ಯಾಕೆ ಈ ಕೋರ್ಸು ಎಂದು ಕೇಳಿದ್ದಕ್ಕೆ ಅವಳು ಹೇಳಿದ ಕಾರಣವನ್ನು ಇಷ್ಟು ವರ್ಷಗಳಲ್ಲಿ ಇನ್ನೊಬ್ಬರು ಹೇಳಿರಲಿಲ್ಲ. ಅವಳು ಓದಿದ ಶಾಲೆಯಲ್ಲಿ ಗ್ರಂಥಪಾಲಕರ ಹುದ್ದೆ ಇರಲಿಲ್ಲ. ಪುಸ್ತಕದ ಕಪಾಟಿನ ಬೀಗದ ಕೈ ವರ್ಷಕ್ಕೊಬ್ಬ ಮಾಸ್ತರರ ಜೇಬಿಗೆ ಹೋಗುತ್ತಿತ್ತು. ಒಂದು ವರ್ಷ ಅದು ಕೇರಳದ ತೆಂಕಣ ಭಾಗದಿಂದ ವರ್ಗವಾಗಿ ಬಂದ, ಕನ್ನಡ ಅಕ್ಷರ ಗೊತ್ತಿಲ್ಲದ ಮಾಸ್ತರರ ಕೈಗೆ ಬಂತು. ಪಾಪ, ಒಳ್ಳೆಯ ಮನುಷ್ಯ. ಶ್ರದ್ಧೆಯಿಂದ ಒಂದು ಇಡೀ ಶನಿವಾರ ಕುಳಿತು ಧೂಳು ಒರೆಸಿ, ಕನ್ನಡ ಪುಸ್ತಕಗಳನ್ನೆಲ್ಲ ಒಪ್ಪವಾಗಿ ಜೋಡಿಸಿದ್ದರು. ಅರ್ಧಕ್ಕರ್ಧ ತಲೆಕೆಳಗಾಗಿ. ಏಳನೇ ಕ್ಲಾಸಿನ ವಿಜೇತಾ ಆಟದ ಬಿಡುವಿನಲ್ಲಿ ಹೋಗಿ, ಮಾಸ್ತರರಿಗೆ ಬೇಸರವಾಗಬಾರದೆಂದು ಯಾರಿಗೂ ಹೇಳದೆ, ದಿನಕ್ಕೆ ಇಷ್ಟಿಷ್ಟರಂತೆ ಅವನ್ನು ನೇರ ನಿಲ್ಲಿಸಿದಳಂತೆ. ಮರುವರ್ಷ ಆ ಕಪಾಟು ಬೇರೆ ಕೆಲಸಕ್ಕೆ ಬೇಕಾಗಿ ಪುಸ್ತಕಗಳು ಗೋಣಿಗೆ ಹೋದವು. ಅವಕ್ಕೆ ನಂಬರು ಹಾಕಿ ಮತ್ತೆ ಕಪಾಟಿಗೆ ಏರಿಸಬೇಕು, ಅದಕ್ಕೆ ಕಲಿಯಬೇಕು ಎಂದಳು.

ಮೊದಲ ದಿನ ಎಲ್ಲರಿಗೂ ಮಾಡುವಂತೆ ಅವಳಿಗೂ ಮೂಗಿನ ಪ್ರದರ್ಶನ ಮಾಡಿದೆ. ಕಣ್ಣು ಮುಚ್ಚಿ ಕಪಾಟಿನಿಂದ ಒಂದೊಂದೇ ಪುಸ್ತಕ ಮೂಸಿ ನಂಬರು ಹೇಳಿದೆ. ಅವಳು ಒಂದೊಂದನ್ನೂ ಪುಸ್ತಕದ ಲೇಬಲಿಗೆ ಹೋಲಿಸಿ ನೋಡಿ ಬಾಯಿ ಮುಚ್ಚದೆ ನಿಂತಳು. ಆಮೇಲೆ ಕೇಳಿದಳು, ಆ ಗೋಣಿಯಲ್ಲಿ ರಟ್ಟೂ ಇಲ್ಲದ, ಮೊದಲ ಪುಟಗಳೂ ಇಲ್ಲದ ಒಂದು ಪುಸ್ತಕ ಉಂಟು, ಹೆಸರೇ ಗೊತ್ತಿಲ್ಲದ ಪುಸ್ತಕಕ್ಕೆ ನಂಬರು ಕೊಡುವುದು ಹೇಗೆಂದು. ತಂದು ನನ್ನ ಮೂಗಿನ ಮುಂದೆ ಹಿಡಿ, ಉಳಿದದ್ದು ನನಗೆ ಬಿಡು ಎಂದೆ. ಅದೇ ವಾರ ಕೇಂದ್ರದ ಒಲೆಯ ಮೇಲೆ ನನ್ನ ಗಂಜಿ ತಳ ಹಿಡಿದು ಹೊಗೆ ಬರುವವರೆಗೆ ನಾನು ಪಾಠ ಮಾಡುತ್ತಲೇ ಇದ್ದೆ. ವಿಜೇತಾ ಓಡಿಹೋಗಿ ಇಳಿಸಿದಳು. ನಿಮಗೆ ವಾಸನೆ ಬರಲಿಲ್ಲವಾ ಎಂದು ಕೇಳಿದ್ದಕ್ಕೆ, ನನ್ನ ಮೂಗು ಪುಸ್ತಕಕ್ಕೆ ಮಾತ್ರ ಮೀಸಲು ಎಂದುಬಿಟ್ಟೆ.

ಕಲಿಕೆಯಲ್ಲಿ ಅವಳದ್ದು ಬೆಂಕಿ. ಲೇಬಲ್ ಅಂಟಿಸುವ ಪಾಠ ಎಂದರೆ ಬೇರೆಯವರಿಗೆ ಆಕಳಿಕೆ. ಅವಳು ಎರಡು ಬೆರಳು ಜೋಡಿಸಿ ಪುಸ್ತಕದ ಬೆನ್ನಿನ ಬುಡದಲ್ಲಿಟ್ಟು, ಸರಿಯಾಗಿ ಅದರ ಮೇಲೆ ಅಂಟಿಸುತ್ತಿದ್ದಳು. ಎಲ್ಲ ಪುಸ್ತಕಕ್ಕೂ ಅದೇ ಎತ್ತರ, ಕಣ್ಣು ಒಂದೇ ಗೆರೆಯಲ್ಲಿ ಓಡಬೇಕು. ನಾನು ಆ ದಿನ ಹುಮ್ಮಸ್ಸಿನಲ್ಲಿದ್ದೆ. ಲೇಬಲ್ ಇಲ್ಲದ ಪುಸ್ತಕವೆಂದರೆ ನಂಬರಿಲ್ಲದ ಮನೆ, ಪೋಸ್ಟ್‌ಮ್ಯಾನ್ ಬರುವುದಿಲ್ಲ ಎಂದೆ. ಲೋಕದಲ್ಲಿ ಎಲ್ಲಿ ಹೋದರೂ ಪುಸ್ತಕ ಕಂಡರೆ ಮೊದಲು ಬುಡದಿಂದ ಎರಡು ಬೆರಳು ಮೇಲೆ ನೋಡು, ಲೇಬಲ್ ಇದ್ದರೆ ಅದು ಗ್ರಂಥಾಲಯ, ಇಲ್ಲದಿದ್ದರೆ ಪೀಠೋಪಕರಣ ಎಂದೆ. ಅವಳು ನಗುತ್ತ ಅದನ್ನು ಹಾಗೆಯೇ ಬರೆದುಕೊಂಡಳು.

ಪರೀಕ್ಷೆಗೆ ಇನ್ನೂ ಮೂರು ತಿಂಗಳಿರುವಾಗ ಕಾರಡ್ಕದ ಕಡೆಯ ಒಂದು ಸಹಕಾರಿ ಸಂಘದಲ್ಲಿ ಅವಳಿಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಯಾವಾಗಲೋ ಬರೆದಿದ್ದ ಪರೀಕ್ಷೆ. ಖಾಯಂ ಕೆಲಸ, ಮನೆಯಿಂದ ಹೋಗಿ ಬರಬಹುದು. ಬರುವ ಸೋಮವಾರ ಸೇರದಿದ್ದರೆ ಲಿಸ್ಟಿನಲ್ಲಿ ಮುಂದಿನವರಿಗೆ ಹೋಗುತ್ತದೆ. ಸೇರಿದರೆ ಹಗಲಿನ ಈ ಕ್ಲಾಸಿಗೆ ಬರುವಂತಿಲ್ಲ, ಪರೀಕ್ಷೆಗೆ ಕೂರುವಂತಿಲ್ಲ. ಅವಳಿಗೆ ಮನಸ್ಸು ಇಲ್ಲಿ. ಅವಳ ತಾಯಿ ಮನೋರಮಕ್ಕ ಎರಡು ದಿನ ಊಟ ಬಿಟ್ಟು ನೋಡಿದರಂತೆ, ಬಗ್ಗಲಿಲ್ಲ.

ಆ ಶುಕ್ರವಾರ ಭುಜಂಗಣ್ಣ ತಾವೇ ಮೆಟ್ಟಿಲು ಹತ್ತಿ ಬಂದರು. ದೊಡ್ಡ ದೇಹ, ಏದುಸಿರು. ತುಳುವರು ನಮ್ಮ ಜಾತಿಯವರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳೇ ಎಂದೇ ಕರೆಯುವುದು. ಬೆಂಚಿನಲ್ಲಿ ಕುಳಿತು ಕಪಾಟನ್ನೂ ಕರಿಹಲಗೆಯ ಮೇಲಿನ ಸೀಮೆಸುಣ್ಣದ ಕಂಪ್ಯೂಟರನ್ನೂ ಒಮ್ಮೆ ನೋಡಿದರು. ನಾನು ಅವರಿಗೆ ಗ್ರಂಥಾಲಯ ವಿಜ್ಞಾನದ ಭವಿಷ್ಯವನ್ನು ವಿವರಿಸಿದೆ. ಇನ್ನು ಐದು ವರ್ಷಗಳಲ್ಲಿ ಪ್ರತಿ ಶಾಲೆಗೆ ಒಬ್ಬರಲ್ಲ, ಪ್ರತಿ ಕ್ಲಾಸಿಗೆ ಒಬ್ಬ ಗ್ರಂಥಪಾಲಕ ಬೇಕಾಗುತ್ತದೆ, ಆಗ ಸರಕಾರದವರು ವಿಮಾನ ಕಳಿಸಿ ನಮ್ಮ ಮಕ್ಕಳನ್ನು ಕರೆಸಿಕೊಳ್ಳುತ್ತಾರೆ ಎಂದೆ. ಅವರು ಪೂರ್ತಿ ಕೇಳಿ, ಬೆವರು ಒರೆಸಿಕೊಂಡು, ಒಂದೇ ಮಾತು ಕೇಳಿದರು.

“ಪೊರ್ಬುಗಳೇ, ನನಗೆ ಈ ವಿಷಯ ಗೊತ್ತಾಗುವುದಿಲ್ಲ. ಶಾಮಿಯಾನದ ಬಗ್ಗೆ ಕೇಳಿ, ಹೇಳ್ತೇನೆ. ನಿಮ್ಮ ಮಗಳಿಗೇ ಈ ಕೆಲಸ ಸಿಕ್ಕಿದ್ದಿದ್ದರೆ ನೀವು ಎಂತ ಹೇಳ್ತಿದ್ರಿ? ಅದನ್ನು ಹೇಳಿ. ನಾನು ಹಾಗೇ ಮಾಡ್ತೇನೆ.”

ಈ ಪ್ರಶ್ನೆಗೆ ಯೋಚಿಸುವ ಅಭ್ಯಾಸವಿದ್ದವನು ಯೋಚಿಸುತ್ತಿದ್ದ. ವಿಜೇತಾ ಹೋದರೆ ಕೇಂದ್ರಕ್ಕೆ ವಿದ್ಯಾರ್ಥಿಯೇ ಇಲ್ಲ, ವಿದ್ಯಾರ್ಥಿ ಇಲ್ಲದಿದ್ದರೆ ಮುಂದಿನ ವರ್ಷ ಮಾನ್ಯತೆ ಇಲ್ಲ. ನಾನು ಯೋಚಿಸಲಿಲ್ಲ, ಬಾಯಿ ಬಿಟ್ಟೆ.

“ಹೇಳುವುದೆಂತ ಭುಜಂಗಣ್ಣ, ಹೇಳಿಯಾಗಿದೆ. ಅವಳಿಗೂ ಬ್ಯಾಂಕಿನಿಂದ ಕರೆ ಬಂದಿತ್ತು. ನಾನು ಬೇಡ ಅಂದೆ. ಇವತ್ತು ಎಂಟು ಮಹಡಿ.”

ವಿಜೇತಾ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಅವಳ ಮುಖ ಹೇಗೆ ಅರಳಿತೆಂದರೆ, ಉತ್ಪ್ರೇಕ್ಷೆ ಮಾಡಲು ನನಗೂ ಉಪಮೆ ಸಿಗುವುದಿಲ್ಲ. ಭುಜಂಗಣ್ಣ ಹಾಗಾದರೆ ಆಯಿತು ಎಂದು ಎದ್ದರು. ಆದಿತ್ಯವಾರದೊಳಗೆ ಹೆಂಡತಿಯನ್ನು ಒಪ್ಪಿಸುತ್ತೇನೆ, ವಿಜೇತಾಳ ಫೋನಿಗೆ ನಿಮ್ಮ ಮಗಳ ಚಿತ್ರವೊಂದನ್ನು ಕಳಿಸಿದರೆ ಮನೋರಮಾಳಿಗೆ ತೋರಿಸಬಹುದು, ಅವಳು ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವಳು ಎಂದರು. ನಾನು ಅಲ್ಲಿಯೇ ಫೋನು ತೆಗೆದು ಫ್ಲೆಕ್ಸಿನ ಮೂಲ ಚಿತ್ರವನ್ನು ವಿಜೇತಾಳಿಗೆ ಕಳಿಸಿದೆ. ‘ನಮ್ಮ ಹೆಮ್ಮೆ’ ಎಂಬ ಅಕ್ಷರಗಳಿಲ್ಲದ, ಪೂರ್ತಿ ಚಿತ್ರ.

ಮನೆಗೆ ಬಂದು ಫ್ಲೋರಾಳಿಗೆ ಇದನ್ನು ವರದಿ ಮಾಡಿದೆ. ನನ್ನ ಹೆಂಡತಿ ಸಾಮಾನ್ಯವಾಗಿ ನನ್ನ ಮಾತಿಗೆ ಅರ್ಧ ಕಿವಿ ಕೊಡುತ್ತಾಳೆ; ಉಳಿದರ್ಧ ಕುಕ್ಕರಿನ ಸೀಟಿಗೆ. ಅಂದು ಒಲೆ ಆರಿಸಿ ಪೂರ್ತಿ ಕೇಳಿದಳು. ಆಮೇಲೆ ಕೊಂಕಣಿಯಲ್ಲಿ ತಣ್ಣಗೆ ಕೇಳಿದಳು, ಆ ಎಂಟನೇ ಮಹಡಿಗೆ ಹತ್ತಲು ಲಿಫ್ಟ್ ಉಂಟೋ, ಅಥವಾ ನಮ್ಮ ಮಗಳು ನಡೆದೇ ಹತ್ತುತ್ತಾಳೋ ಎಂದು. ನಾನು ಲಿಫ್ಟಿನ ಬಗ್ಗೆ ಹೇಳಲು ಬಾಯಿ ತೆರೆದೆ. ಅವಳು ಎದ್ದು ಒಳಗೆ ಹೋದಳು. ಆ ದಿನ ನನ್ನ ತಟ್ಟೆಗೆ ಮೀನು ಬಡಿಸಿದಳು, ಮಾತು ಬಡಿಸಲಿಲ್ಲ.

ಆದಿತ್ಯವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಕೇಂದ್ರಕ್ಕೆ ಹೋದೆ. ಹೈವೇ ಅಗಲ ಮಾಡುವ ಕೆಲಸದ ಧೂಳು ಬೆಂಚಿನ ಮೇಲೆ ಕೂತಿತ್ತು, ಒರೆಸುತ್ತಿದ್ದೆ. ಕೆಳಗೆ ಭುಜಂಗಣ್ಣನ ಪಿಕಪ್ ನಿಂತ ಸದ್ದಾಯಿತು, ಹಿಂದೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ರಾಶಿ. ಯಾರದೋ ನಿಶ್ಚಿತಾರ್ಥಕ್ಕೆ ಹೊರಟಿದ್ದರು. ಅವರು ಇಳಿಯಲಿಲ್ಲ. ವಿಜೇತಾ ಒಬ್ಬಳೇ ಬಟ್ಟೆಯ ಚೀಲ ಹಿಡಿದು ಮೇಲೆ ಬಂದಳು.

ಮನೆಯಲ್ಲಿ ಎಲ್ಲರೂ ಒಪ್ಪಿದರು ಎಂದಳು. ಅಮ್ಮ ಚಿತ್ರ ನೋಡಿ, ಎಷ್ಟು ಚೆಂದದ ಲೈಬ್ರರಿ, ನೀನೂ ಹಾಗೇ ಆಗು ಎಂದರಂತೆ. ನಾನು ಬೆಂಚು ತಟ್ಟಿ, ನಾಳೆಯಿಂದಲೇ ಗಣಕೀಕರಣದ ಪಾಠ, ಹಲಗೆಗೆ ಹೊಸ ಬಣ್ಣ ಹಚ್ಚಿಸುತ್ತೇನೆ ಎಂದೆಲ್ಲ ಹೇಳುತ್ತಿದ್ದೆ. ಅವಳು ಕೂರಲಿಲ್ಲ. ಫೋನು ತೆಗೆದು ಎಲ್ವಿಟಾಳ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನನ್ನ ಮುಂದೆ ಹಿಡಿದಳು. ಎಲ್ವಿಟಾಳ ಮುಖ ಆಚೆ ಸರಿದು ಕೆಂಪು ಪುಸ್ತಕಗಳ ಬೆನ್ನು ಮಾತ್ರ ಉಳಿಯಿತು.

“ಸರ್, ಬುಡದಿಂದ ಎರಡು ಬೆರಳು ಮೇಲೆ ನೋಡಿ. ಎಂತದೂ ಇಲ್ಲ.”

ನಾನು ಕನ್ನಡಕ ಸರಿಮಾಡಿಕೊಂಡೆ. ನಾಲ್ಕು ಸಾಲು ಪುಸ್ತಕ. ಎಲ್ಲ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಚಿನ್ನದ ಗೆರೆ. ಒಂದಕ್ಕೂ ಲೇಬಲ್ ಇಲ್ಲ. ಎರಡು ವರ್ಷದಿಂದ ಆ ಚಿತ್ರ ನನ್ನ ಫೋನಿನಲ್ಲಿತ್ತು, ಮೆಟ್ಟಿಲ ಗೋಡೆಯಲ್ಲಿ ಆಳೆತ್ತರಕ್ಕೆ ಇತ್ತು.

“ಅದು ಪೀಠೋಪಕರಣ, ಅಲ್ವಾ ಸರ್?”

ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ ನೋಡಿ. ಅಯ್ಯೋ, ಅದೆಲ್ಲ ಹಳೆಯ ಪದ್ಧತಿ, ಕುವೈತಿನಲ್ಲಿ ಈಗ ಬೆನ್ನಿಗೆ ಲೇಬಲ್ ಅಂಟಿಸುವುದೇ ಇಲ್ಲ, ರಟ್ಟಿನೊಳಗೆ ಚಿಪ್ ಇಡುತ್ತಾರೆ, ಪುಸ್ತಕವನ್ನು ಹೆಸರು ಹಿಡಿದು ಕರೆದರೆ ಅದು ಅಲ್ಲಿಂದಲೇ ಓಗೊಡುತ್ತದೆ ಎಂದೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಬರತೊಡಗಿತ್ತು. ವಿಜೇತಾ ಜಗಳಕ್ಕೆ ಬಂದವಳ ಹಾಗೆ ಇರಲಿಲ್ಲ. ಹೌದಾಗಿರಲಿ ಎಂದು ಅವಳಿಗೂ ಆಸೆ ಇತ್ತು. ಫೋನಿನ ಮೇಲೆ ಬೆರಳು ಎಳೆದು ಚಿತ್ರದ ಕೆಳತುದಿಗೆ ಹೋದಳು, ಫ್ಲೆಕ್ಸಿನಲ್ಲಿ ‘ನಮ್ಮ ಹೆಮ್ಮೆ’ಯ ಕೆಳಗೆ ಮುಚ್ಚಿಹೋಗಿದ್ದ ಭಾಗಕ್ಕೆ.

“ಹಾಗಾದ್ರೆ ಈ ಸಾಲಿಗೆ ಯಾಕೆ ಉಂಟು ಸರ್?”

ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ ಹತ್ತು ಹನ್ನೆರಡು ತೆಳು ಪುಸ್ತಕಗಳಿದ್ದವು. ಬಣ್ಣಬಣ್ಣದ, ಮೂಲೆ ಮುರಿದ, ಮಕ್ಕಳ ಪುಸ್ತಕಗಳು. ಒಂದೊಂದರ ಬೆನ್ನಿನ ಬುಡದಲ್ಲಿ ಕತ್ತರಿಸಿದ ಬಿಳಿ ಕಾಗದದ ಚೂರು, ಮೇಲೆ ಪಾರದರ್ಶಕ ಟೇಪು. ಎಲ್ಲ ಒಂದೇ ಎತ್ತರದಲ್ಲಿ. ಬೆನ್ನು ತೆಳುವಾಗಿದ್ದ ಕಡೆ ಚೂರನ್ನು ಮುಂಬದಿಗೆ ಮಡಚಿ ಅಂಟಿಸಿತ್ತು, ಹಾಗೆ ಮಾಡಬೇಕೆಂದು ಪಾಠದಲ್ಲಿ ಹೇಳುವ ಹಾಗೆಯೇ. ವಿಜೇತಾ ಇನ್ನೂ ಹಿಗ್ಗಿಸಿದಳು. ಮುನ್ನೂರ ತೊಂಬತ್ತೆಂಟು ಬಿಂದು ಎರಡು. ಜನಪದ ಕತೆಗಳು. ಎರಡರ ಅಂಕೆಯ ಬಾಲವನ್ನು ಮೀನಿನ ಗಾಳದ ಹಾಗೆ ಮೇಲಕ್ಕೆ ಕೊಕ್ಕೆ ಮಾಡಿ ಬರೆದಿತ್ತು. ಆ ಎರಡನ್ನು ಬರೆಯಲು ಎಲ್ವಿಟಾಳಿಗೆ ಕಲಿಸಿದವನು ನಾನು, ಅವಳ ಕೈಯ ಮೇಲೆ ಕೈಯಿಟ್ಟು.

ನಾನು ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಬೆಂಚಿನಲ್ಲಿ ಕುಳಿತೆ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಕೆಳಗೆ ಜಿತೇಂದ್ರ ಯಾರಿಗೋ ಗಾಜು ಅಂಟಿಸುತ್ತ, ಗುಳ್ಳೆ ಬಾರದ ಹಾಗೆ ಒತ್ತಿ ಹಿಡಿಯಿರಿ ಎನ್ನುತ್ತಿದ್ದ.

“ಗ್ರಂಥಾಲಯ ಅಲ್ಲ,” ಎಂದೆ. “ಮನೆ. ಆ ಮನೆಯಲ್ಲಿ ಎರಡು ಮಕ್ಕಳುಂಟು. ಅವರನ್ನು ನೋಡಿಕೊಳ್ಳುವುದು ಅವಳ ಕೆಲಸ. ನೆಲ ಒರೆಸುವುದೂ ಅವಳೇ. ಆ ಕಪಾಟಿನ ಧೂಳು ತೆಗೆಯುವುದೂ ಅವಳೇ.”

ಒಮ್ಮೆ ಶುರುವಾದ ಮೇಲೆ ಉಳಿದದ್ದು ತಾನೇ ಬಂತು. ಎಲ್ವಿಟಾ ನನ್ನ ಮಾತು ನಂಬಿ ಓದಿದ್ದು, ಪದವಿ, ಅದರ ಮೇಲಿನ ಪದವಿ. ಗ್ರಂಥಪಾಲಕರ ಪರೀಕ್ಷೆ ಬರೆದು ಲಿಸ್ಟಿನಲ್ಲಿ ಹೆಸರು ಬಂದಾಗ ನಾನು ಬೀದಿಗೆಲ್ಲ ಲಾಡು ಹಂಚಿದ್ದು. ಲಿಸ್ಟಿನ ಅವಧಿ ಮುಗಿಯುವವರೆಗೆ ಅವಳು ದಿನಾ ಅಂಚೆಯ ದಾರಿ ನೋಡಿದ್ದು, ಅದು ಮುಗಿದ ದಿನವೂ ನೋಡಿದ್ದು. ಆಮೇಲೆ ಒಂದು ಖಾಸಗಿ ಶಾಲೆಯಲ್ಲಿ ಲೈಬ್ರರಿಗೆಂದು ತೆಗೆದುಕೊಂಡು ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಕೊಟ್ಟದ್ದು. ಬ್ಯಾಂಕಿನ ಕರೆ ಬಂದಿರಲೇ ಇಲ್ಲ. ಬಂದದ್ದು ಬಟ್ಟೆ ಅಂಗಡಿಯ ಲೆಕ್ಕದ ಕೆಲಸ; ಓದಿದವಳು ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದೇ ಎಂದು ಬೇಡ ಅಂದವನು ನಾನೇ. ಕಡೆಗೆ ಅವಳೇ ಮಂಗಳೂರಿಗೆ ಹೋಗಿ ಏಜೆಂಟನನ್ನು ಹುಡುಕಿದಳು. ಅಲ್ಲಿ ಹೋಗಿ ಕೆಲವು ತಿಂಗಳಾದ ಮೇಲೆ ಈ ಚಿತ್ರ ಕಳಿಸಿದಳು, ಆ ಮನೆಯ ದೊಡ್ಡ ಹುಡುಗಿ ತೆಗೆದದ್ದು. ಆ ದಿನ ಫೋನಿನಲ್ಲಿ ನಗುತ್ತ ಅಂದದ್ದು ಇಷ್ಟೇ: “ಪಪ್ಪಾ, ಇಲ್ಲಿಯೂ ನನಗೊಂದು ಕಪಾಟು ಸಿಕ್ಕಿತು.”

ಆ ಒಂದು ಕಪಾಟಿನ ಮೇಲೆ ಎಂಟು ಮಹಡಿ ಕಟ್ಟಿದವನು ನಾನು. ಅವಳು ಯಾವ ಸಾಲನ್ನು ಹೇಳುತ್ತಿದ್ದಾಳೆಂದು ಕೇಳಲಿಲ್ಲ.

ವಿಜೇತಾ ಫೋನಿನ ಪರದೆ ಆರಿಸಿದಳು. ಅವಳ ಕಣ್ಣು ತುಂಬಿತ್ತು, ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವಳು ಬೆಂಚಿನ ಮೇಲೆ ನಾನು ತೆಗೆದಿಟ್ಟಿದ್ದ ಪುಸ್ತಕವನ್ನು ಎತ್ತಿ, ಲೇಬಲ್ ನೋಡಿ, ಕಪಾಟಿನಲ್ಲಿ ಅದರ ಜಾಗಕ್ಕೆ ಸೇರಿಸಿದಳು. ಬೆನ್ನುಗಳನ್ನೆಲ್ಲ ಅಂಗೈಯಿಂದ ಒಂದು ಗೆರೆಗೆ ತಂದಳು. ನಾಳೆ ಕಾರಡ್ಕಕ್ಕೆ ಹೋಗಿ ಸೇರುತ್ತೇನೆ ಎಂದು ಕಪಾಟಿಗೆ ಹೇಳುವ ಹಾಗೆ ಹೇಳಿದಳು.

“ನಾನು ಹೋದ್ರೆ ಕೋರ್ಸು ನಿಲ್ತದಾ ಸರ್?”

ಕಾಸರಗೋಡು ಬಸ್ ಸ್ಟ್ಯಾಂಡಿನವರೆಗೆ ಅರ್ಜಿ ಹಿಡಿದವರ ಸಾಲು ನಿಂತಿದೆ ಎಂಬ ಮಾತು ಗಂಟಲಿನವರೆಗೆ ಬಂದಿತ್ತು.

“ನಿಲ್ತದೆ,” ಎಂದೆ.

ಅವಳು ತಲೆಯಾಡಿಸಿದಳು. ಚೀಲಕ್ಕೆ ಕೈಹಾಕಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಒಂದು ಪುಸ್ತಕ ತೆಗೆದಳು. ರಟ್ಟಿಲ್ಲ, ಮೊದಲ ಪುಟಗಳಿಲ್ಲ, ಅಂಚೆಲ್ಲ ಗೆದ್ದಲು ತಿಂದು ದಾರ ಹೊರಗೆ ಬಂದಿತ್ತು. ಶಾಲೆಯ ಆ ಗೋಣಿಯದ್ದು. ಮುಂದಿನ ವಾರ ಗೋಣಿಗಳನ್ನು ಗುಜರಿಗೆ ಕೊಡುತ್ತಾರಂತೆ, ಕೇಳಿಕೊಂಡು ಇದೊಂದನ್ನು ತಂದಿದ್ದೇನೆ ಎಂದಳು. ಎರಡೂ ಕೈಯಿಂದ ಅದನ್ನು ನನ್ನ ಮುಂದೆ ಹಿಡಿದಳು. ಇದಾದರೂ ಸುಳ್ಳಾಗಿರಬಾರದು ಎಂಬಂತೆ ನನ್ನ ಮುಖ ನೋಡಿದಳು.

“ಇದರ ನಂಬರ್ ಹೇಳಿ ಸರ್. ತರ್ಲಿಕ್ಕೆ ಹೇಳಿದ್ರಲ್ಲ.”

ತೆಗೆದುಕೊಂಡೆ. ಕಣ್ಣು ಮುಚ್ಚಿ ಅದರ ಬೆನ್ನನ್ನು ಮೂಗಿಗೆ ಒತ್ತಿದೆ. ಉದ್ದಕ್ಕೆ ಉಸಿರೆಳೆದೆ. ಗೆದ್ದಲಿನ ಮಣ್ಣು ಮೂಗಿಗೆ ಮೆತ್ತಿತು. ಕೆಳಗಿನಿಂದ ಭುಜಂಗಣ್ಣ ಒಮ್ಮೆ ಹಾರ್ನ್ ಹಾಕಿದರು. ಅವಳು ಕದಲಲಿಲ್ಲ.

“ನನಗೆ ವಾಸನೆ ಬರುವುದಿಲ್ಲ ಮಗಳೇ,” ಎಂದೆ. “ಕೊರೋನಾ ಬಂದು ಹೋದ ಮೇಲೆ ಯಾವುದರದ್ದೂ ಬರುವುದಿಲ್ಲ. ಫ್ಲೋರಾ ಎದುರಿಗೆ ಮೀನು ಹುರಿದರೂ ಇಲ್ಲ. ಈ ಕಪಾಟಿನದ್ದೆಲ್ಲ ಮುಟ್ಟಿದರೆ ಗೊತ್ತಾಗ್ತದೆ, ಎಲ್ಲ ಬಾಯಿಪಾಠ. ಇದರದ್ದು ನನಗೆ ಗೊತ್ತಿಲ್ಲ.”